ಅತ್ತೆಗೆ ಸೂತಕವಿಲ್ಲವಂತೆ

ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲ ಎಂದು ನಂಜನಗೂಡಿನ ಅರ್ಧ ಊರು ಹೇಳುತ್ತದೆ. ಇನ್ನರ್ಧ ಊರು ಅವರ ಹತ್ತಿರ ಪಿ.ಟಿ. ಕಲಿತದ್ದು; ಹೇಳುವ ಧೈರ್ಯ ಅದಕ್ಕಿಲ್ಲ, ಅಷ್ಟೆ. ನಾನು ಎರಡೂ ಗುಂಪಿಗೆ ಸೇರಿದವಳಲ್ಲ. ನನ್ನ ಪ್ರಕಾರ ಆ ಊರಿನಲ್ಲಿ ತಲೆ ಸರಿಯಿರುವುದು ಅವರೊಬ್ಬರಿಗೇ. ಮಿಕ್ಕವರ ವಿಷಯ ಹೇಳಲು ಕೂತಿದ್ದೇನೆ. ಕೋಪದಲ್ಲಿದ್ದೇನೆ. ಮಧ್ಯೆ ಬಾಯಿ ಹಾಕಬೇಡಿ.

ಈ ನಾಡಿನಲ್ಲಿ ನಮ್ಮನ್ನೂ ಮುಟ್ಟಿ, ಬಾವಿಗೆ ಬಿಡಿ, ಗುಡಿಗೆ ಬಿಡಿ ಎಂದು ಜನ ತಲೆತಲಾಂತರದಿಂದ ಹೋರಾಡಿದ್ದಾರೆ, ಇನ್ನೂ ಹೋರಾಡುತ್ತಿದ್ದಾರೆ. ನಮ್ಮ ಅತ್ತೆ ಒಬ್ಬರು ಮಾತ್ರ ತಮ್ಮನ್ನು ಯಾರೂ ಮುಟ್ಟಕೂಡದು ಎಂದು ಹೋರಾಡಿದರು. ಅದೂ ವಿಷಲ್ ಊದಿಕೊಂಡು. ಆ ಹೋರಾಟದಲ್ಲಿ ಅವರ ಪರ ವಾದಿಸಿದ ವಕೀಲಳು ನಾನು. ನನ್ನ ಹಣೆಬರಹ ನೋಡಿ: ಹೈಸ್ಕೂಲಿನಿಂದ ಮೈಸೂರಿನಲ್ಲಿ ಎಂ.ಎ. ಮುಗಿಸುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ಮಾತಾಡಿ ಷೋಕೇಸು ತುಂಬಿಸಿದವಳು ನಾನು. ಮಡಿ, ಮೈಲಿಗೆ, ಸೂತಕ ಇವುಗಳ ಪರವಾಗಿ ಮಾತಾಡು ಎಂದರೆ ಮಾತ್ರ ಮೈಕಿನ ಹತ್ತಿರವೂ ಹೋಗಿರಲಿಲ್ಲ. ಪುರೋಹಿತರ ಮಗಳಾಗಿ ಹುಟ್ಟಿ, ಅಡುಗೆಮನೆಯಲ್ಲಿ 'ಮುಟ್ಟಬೇಡ' ಎಂಬ ಮಾತನ್ನು ಅನ್ನಕ್ಕಿಂತ ಹೆಚ್ಚು ತಿಂದು ಬೆಳೆದವಳಿಗೆ ಅಷ್ಟಾದರೂ ಸ್ವಾಭಿಮಾನ ಬೇಡವೇ? ಅಂಥವಳ ಬಾಯಲ್ಲಿ 'ನಮ್ಮತ್ತೆಗೆ ಸೂತಕ ಕೊಡಿ' ಎನ್ನಿಸಿದರು ಈ ಜನ.

ಮೊದಲು ಮನುಷ್ಯರ ಪರಿಚಯವಾಗಲಿ. ವೈದಿಕರ ಮನೆಯ ಹೆಣ್ಣುಮಗಳು ಸಂಗೀತದ ಮೇಷ್ಟ್ರಾಗಬಹುದು, ಸಂಸ್ಕೃತದ ಮೇಷ್ಟ್ರಾಗಬಹುದು. ಇವರು ಪಿ.ಟಿ. ಮೇಷ್ಟ್ರಾದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಷೂ ಹಾಕಿ, ಕೊರಳಿಗೆ ವಿಷಲ್. ತಾಳಿ ಇರಬೇಕಾದ ಜಾಗದಲ್ಲಿ ಇದೇನು ಎಂದು ಯಾರೋ ಮುದುಕಿ ಕೇಳಿದರಂತೆ. "ಇದನ್ನ ಊದಿದ್ರೆ ಎಂಬತ್ತು ಜನ ಸಾಲಾಗಿ ನಿಲ್ತಾರೆ. ನಿಮ್ಮದನ್ನ ಊದಿ ನೋಡೋಣ" ಎಂದರಂತೆ ಅತ್ತೆ. ರಿಟೈರಾದ ಮೇಲೂ ವಿಷಲ್ ಇಳಿಯಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ನುಗ್ಗುವ ನೆಂಟರಿಗೆ ವಿಷಲ್. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ವಿಷಲ್. ಒಮ್ಮೆ ಸತ್ಯನಾರಾಯಣ ಪೂಜೆಯಲ್ಲಿ ನಮ್ಮಪ್ಪ ಒಂದು ಅಧ್ಯಾಯ ಹಾರಿಸಿದಾಗಲೂ ವಿಷಲ್ ಬಿತ್ತು. ಅಪ್ಪ ಅಕ್ಕನನ್ನು ದುರುಗುಟ್ಟಿ ನೋಡಿ, ಬಿಟ್ಟಲ್ಲಿಂದ ಓದಿದರು. ಪ್ರಸಾದ ತಡವಾಯಿತೆಂದು ಊರು ಶಪಿಸಿತು.

ಎರಡನೆಯವರು ಸಿಸ್ಟರ್. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು, ಊರೆಲ್ಲ ಸಿಸ್ಟರ್ ಎನ್ನುತ್ತಿತ್ತು, ನಾವೂ ಅಂದೆವು, ಅತ್ತೆಯೂ ಅಂದರು. ಸಿಸ್ಟರ್ ಅತ್ತೆಯನ್ನು ಟೀಚರ್ ಎನ್ನುತ್ತಿದ್ದರು. ತಿ. ನರಸೀಪುರದ ಕಡೆಯ ಬೇಸಾಯದ ಮನೆಯವರು. ಸ್ಪೋರ್ಟ್ಸ್ ದಿನ ಓಟದಲ್ಲಿ ಬಿದ್ದ ಹುಡುಗಿಯರ ಮೊಣಕಾಲಿಗೆ ಟಿಂಚರ್ ಹಚ್ಚಲು ಬಂದವರು, ಅತ್ತೆಗೇ ಕಾಲು ಉಳುಕಿದ್ದು ನೋಡಿ ಪಟ್ಟಿ ಕಟ್ಟಲು ಕೂತರಂತೆ. ಕೂತವರು ಮೂವತ್ತು ಚಿಲ್ಲರೆ ವರ್ಷ ಏಳಲಿಲ್ಲ. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮಹಡಿ ಮನೆ. ಒಂದು ಮೊಪೆಡ್, ಓಡಿಸುವವರು ಅತ್ತೆ, ಹಿಂದೆ ಕೂತು ದಾರಿ ಹೇಳುವವರು ಸಿಸ್ಟರ್. ನಂಜನಗೂಡಿನಲ್ಲಿ ದಾರಿ ಹೇಳಿಸಿಕೊಳ್ಳುವಷ್ಟು ಬೀದಿಗಳೆಲ್ಲಿವೆ? ಆದರೂ ಹೇಳುವರು. "ಟೀಚರ್, ಎಡ್ಕ್ ತಿರಿಕ್ಕಳಿ." "ನನಗೆ ಗೊತ್ತು." "ಗೊತ್ತಿದ್ರೂ ಎಡಾನೇ ಅಲ್ವ್ರಾ."

ಪಾಪ, ಇಬ್ಬರಿಗೂ ಮದುವೆಯಾಗಲಿಲ್ಲ, ಬಾಡಿಗೆ ಉಳಿಯುತ್ತೆ ಅಂತ ಜೊತೆಗಿದ್ದಾರೆ ಎಂದು ಊರು ತನಗೆ ತಾನೇ ವಿವರಿಸಿಕೊಂಡಿತು. ಬಾಡಿಗೆ ಉಳಿಸುವುದಕ್ಕಾಗಿ ಮೂವತ್ತು ವರ್ಷ ಒಂದೇ ಸೊಳ್ಳೆಪರದೆಯೊಳಗೆ ಮಲಗಿದವರು ನಿಮಗೆ ಬೇರೆ ಯಾರಾದರೂ ಗೊತ್ತಿದ್ದರೆ ಹೇಳಿ, ಅವರ ಜಿಪುಣತನಕ್ಕೆ ಸನ್ಮಾನ ಮಾಡೋಣ. ಊರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಇದಕ್ಕೆ ಮರ್ಯಾದೆ ಎಂದು ಹೆಸರು.

ಎಂ.ಎ.ಯಲ್ಲಿ ನಮಗೆ ಕ್ವಿಯರ್ ಥಿಯರಿ ಎಂಬ ಪಾಠವಿತ್ತು. ರಜಕ್ಕೆ ಬಂದವಳು ಆ ಮಹಡಿ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಅದನ್ನು ಅತ್ತೆಗೆ ವಿವರಿಸಿದೆ. ಕ್ವಿಯರ್ ಎನ್ನುವುದು ಮೊದಲು ಬೈಗುಳ: ವಿಚಿತ್ರ, ಸೊಟ್ಟ, ಎಲ್ಲೋ ಏನೋ ಸರಿಯಿಲ್ಲ ಎಂದು. ಹೆಣ್ಣು ಹೆಣ್ಣನ್ನು ಒಲಿದರೆ, ಗಂಡು ಗಂಡನ್ನು ಒಲಿದರೆ, ಊರು ಗಂಡು ಎಂದು ಬರೆದುಕೊಂಡವರು ನಾನು ಗಂಡಲ್ಲ ಎಂದರೆ, ಅವರ ಮೇಲೆ ಎಸೆಯುತ್ತಿದ್ದ ಕಲ್ಲು. ಏಟು ತಿಂದವರು ಒಂದು ದಿನ ಆ ಕಲ್ಲನ್ನೇ ಕೈಗೆತ್ತಿಕೊಂಡು "ಹೌದು, ಅದೇ ನಾವು, ಈಗೇನು?" ಎಂದರು. ಅಲ್ಲಿಗೆ ಎಸೆಯುವವರ ಕೈ ಬರಿದಾಯಿತು. ಥಿಯರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೊಟ್ಟಗಿರುವವರು ಯಾರು, ಯಾಕೆ ಹಾಗಾದರು ಎಂದು ಅದು ಕೇಳುವುದಿಲ್ಲ. ನೆಟ್ಟಗಿರುವುದು ಯಾವುದು ಎಂದು ತೀರ್ಮಾನಿಸಿದವರು ಯಾರು, ಆ ತೀರ್ಮಾನದಿಂದ ಯಾರಿಗೆ ಏನು ದಕ್ಕಿತು ಎಂದು ಕೇಳುತ್ತದೆ. ಇಷ್ಟು ವಯಸ್ಸಿಗೆ ಮದುವೆ, ಇಷ್ಟಕ್ಕೆ ಮಗು, ಇಷ್ಟಕ್ಕೆ ಷಷ್ಟಿಪೂರ್ತಿ ಎಂಬ ಟೈಮ್‌ಟೇಬಲ್ ಬರೆದವರು ಯಾರು, ಅದರಲ್ಲಿ ಹೆಸರಿಲ್ಲದವರು ಎಲ್ಲಿ ನಿಲ್ಲಬೇಕು ಎಂದು ಕೇಳುತ್ತದೆ.

"ಇದಕ್ಕೆ ಅಷ್ಟು ದಪ್ಪ ಪುಸ್ತಕ ಬೇಕಾ?" ಎಂದರು ಅತ್ತೆ. "ಮೈದಾನಕ್ಕೆ ಗೆರೆ ಹುಟ್ಟಿನಿಂದ ಬಂದಿರತ್ತೇನೇ? ಬೆಳಗ್ಗೆ ನಾನೇ ಸುಣ್ಣದಪುಡಿ ಹಿಡ್ಕೊಂಡು ಎಳೀತಿದ್ದೆ. ಸಂಜೆ ಹೊತ್ತಿಗೆ ಹುಡುಗೀರು ಆ ಗೆರೆ ತುಳಿದೆ ಅಂತ ಅಳ್ತಿದ್ರು."

"ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಅತ್ತೆ. ವಿಲಕ್ಷಣ ಅಂತಾರೆ, ಅದು ಸರಿಹೋಗಲ್ಲ."

"ಯಾಕಿಲ್ಲ? ಊರೆಲ್ಲ ದಿನಾ ಅಂತಿದೆಯಲ್ಲ. ಒಂಥರಾ."

ಸರಿಯಾದ ಮಾತು. ಆ ಟೀಚರಮ್ಮ ಒಂಥರಾ ಕಣ್ರೀ. ಅಲ್ಲಿಗೆ ನಿಲ್ಲಿಸಿ ಹುಬ್ಬು ಏರಿಸುತ್ತಾರೆ. ಯಾವ ಥರ ಎಂದು ಹೇಳುವ ಜವಾಬ್ದಾರಿ ಹುಬ್ಬಿನದು.

ಒಲೆಯ ಮುಂದಿದ್ದ ಸಿಸ್ಟರ್ ಸೌಟು ಹಿಡಿದೇ ಬಂದರು. "ಎಂತಾ ಪಾಟನವ್ವ ಅದು? ನಮ್ಮಂತೋರ್ ಮ್ಯಾಲೆ ಪರೀಕ್ಸೆ ಮಾಡ್ತರಾ?"

"ಮಾಡ್ತಾರೆ ಸಿಸ್ಟರ್. ಹದಿನೈದು ಮಾರ್ಕ್ಸಿಗೆ."

"ಇಬ್ರುಗೂ ಸೇರ್ಸಿ ಅದ್ನೈದೇನಾ? ಟೀಚರೊಬ್ರುಗೇ ಸಾಕಾಗಕಿಲ್ವಲ್ಲ."

ನಾನು ವಾದಿ, ಸುಮ್ಮನಿರುತ್ತೇನೆಯೇ? ಹಾಗಾದರೆ ನೀವಿಬ್ಬರೂ ಕ್ವಿಯರ್ ಎಂದು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿಯೇಬಿಟ್ಟೆ. ಅತ್ತೆ ವಿಷಲ್ ಊದಿದರು. "ಫೌಲ್. ಆಡೋರನ್ನ ಕೇಳದೆ ಟೀಮಿಗೆ ಸೇರಿಸ್ಕೋಬಾರದು."

"ಕೇಳ್ತಾ ಇದೀನಲ್ಲ ಅತ್ತೆ. ಹೆಸರಿಲ್ಲದಿದ್ದಕ್ಕೆ ಹಕ್ಕೂ ಇರಲ್ಲ. ನಾಳೆ ಏನಾದ್ರೂ ಆದ್ರೆ ಇವರು ನಿಮಗೇನಾಗಬೇಕು ಅಂತ ಕೇಳಿದಾಗ ಏನು ಹೇಳ್ತೀರಿ?"

"ಸಿಸ್ಟರ್ ಅಂತ ಹೇಳ್ತೀನಿ. ನಿಂಗೇನು ಕಷ್ಟ?"

ನಗುತ್ತಾ ಅಂದರು. ಆ ಚರ್ಚೆಯಲ್ಲಿ ಕೊನೆಗೆ ನಾನೇ ಗೆದ್ದೆ. ಗೆದ್ದು ಹೊಟ್ಟೆಯುರಿದ ವಾದ ನನ್ನ ಲೆಕ್ಕದಲ್ಲಿ ಅದೊಂದೇ.

ಸಿಸ್ಟರ್ ಹೋಗಿಬಿಟ್ಟರು. ಎದೆನೋವು ಎಂದರು, ಮೈಸೂರಿಗೆ ಕರೆದುಕೊಂಡು ಹೋದೆವು, ಸಂಜೆಯೊಳಗೆ ಮುಗಿಯಿತು. ತಿ. ನರಸೀಪುರದಿಂದ ಅವರ ತಮ್ಮ ವ್ಯಾನು ತೆಗೆದುಕೊಂಡು ಬಂದರು. ಒಳ್ಳೆಯ ಮನುಷ್ಯರು, ಈ ಕಥೆಯಲ್ಲಿ ಎಲ್ಲರೂ ಒಳ್ಳೆಯವರೇ, ಅದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಮನೆಗೆ ಹೋಗಬಹುದಿತ್ತು. ವ್ಯಾನಿನಲ್ಲಿ ಅಕ್ಕನ ಜೊತೆ ಕೂರಲು ತಮ್ಮ, ತಮ್ಮನ ಹೆಂಡತಿ, ಚಿಕ್ಕಪ್ಪನ ಮಕ್ಕಳು, ಅವರ ಷಡ್ಡಕ. "ನೀವ್ಯಾಕೆ ಎಣದ್ ಜೊತೆ ಕಷ್ಟ ಬೀಳ್ತೀರಿ ಮೇಡಮ್ಮೋರೆ, ಬಸ್ನಾಗೆ ಆರಾಮಾಗ್ ಬನ್ನಿ" ಎಂದರು. ಮೂವತ್ತು ವರ್ಷ ಹಿಂದೆ ಕೂತು ದಾರಿ ಹೇಳಿದವರು ಮುಂದೆ ಹೋದರು. ಅತ್ತೆ ಬಸ್ಸಿಗೆ ಕಾದರು.

ಅಸ್ಥಿ ಬಿಡುವ ದಿನ ನಾನೂ ಅತ್ತೆಯ ಜೊತೆ ತಿ. ನರಸೀಪುರಕ್ಕೆ ಹೋದೆ. ಸಾವಿನ ಮನೆ, ಮನೆಯವರೆಲ್ಲ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಅತ್ತೆ ಚಪ್ಪಲಿ ಬಿಟ್ಟು, ಅವರ ಮಧ್ಯೆ ಒಂದಿಷ್ಟು ಜಾಗ ನೋಡಿಕೊಂಡು ಸೆರಗು ಸರಿಮಾಡಿ ಇನ್ನೇನು ಕೂರಬೇಕು, ಸಿಸ್ಟರ ತಮ್ಮ ಹಾರಿ ಬಂದರು.

"ಚೆ ಚೆ, ಅಲ್ಲೆಲ್ಲ ಕೂತ್ಕಬ್ಯಾಡಿ. ಲೇ, ಕುರ್ಚಿ ತಕ್ಕಂಬಾ. ನಮ್ದೇನೋ ಅಣೇಬರ, ಕೂತಿದೀವಿ. ನೀವ್ ಅಯ್ನೋರ್ ಮನೆಯೋರು."

"ನಾನು ಕೆಳಗೇ ಕೂತ್ಕೋತೀನಪ್ಪ."

"ಉಂಟಾ ಮೇಡಂ? ಅಕ್ಕುನ್ನ ಅಷ್ಟ್ ಚೆಂದಾಗ್ ನೋಡ್ಕಂಡಿದೀರಿ, ನಿಮ್ಮುನ್ನ ನೆಲ್ದ್ ಮ್ಯಾಲ್ ಕೂರ್ಸದಾ? ಈ ಮನೇಲಿ ನೀರ್ನೂ ಕುಡೀಬ್ಯಾಡಿ, ಎಳ್ನೀರ್ ಕೊಚ್ಚುಸ್ತೀನಿ."

ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು. ಅತ್ತೆ ಅದರ ಮೇಲೆ ಕೂತರು, ಬಹುಮಾನ ವಿತರಣೆಗೆ ಬಂದ ಮುಖ್ಯ ಅತಿಥಿಯ ಹಾಗೆ. ಎದುರಿಗೆ, ಸಿಸ್ಟರನ್ನು ಮದುವೆಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರದ ದಾಯಾದಿ ಒಬ್ಬ ತಲೆ ಬೋಳಿಸಿಕೊಂಡು ಕೂತಿದ್ದ. ಬಂದ ಹೆಂಗಸರೆಲ್ಲ ಅವನ ಕೈಹಿಡಿದು ಅಳುತ್ತಿದ್ದರು. ಅವನಿಗೆ ಸೂತಕ. ನಮ್ಮತ್ತೆಗೆ ಎಳನೀರು.

ಆಮೇಲೆ ಸಂಗಮಕ್ಕೆ ಹೋದೆವು. ನಮ್ಮೂರ ಕಪಿಲೆ ಹರಿದು ಬಂದು ಕಾವೇರಿಗೆ ಸೇರುವ ಜಾಗ. ಅತ್ತೆಗೂ ಒಂದು ಹಿಡಿ ಕೊಡಿ ಎಂದು ನಾನು ಕೇಳಿದೆ. ಕೇಳಿದ್ದು ಯಾರಿಗೂ ಕೇಳಿಸಲಿಲ್ಲವೋ ಏನೋ. ತಿರುಗಿ ನೋಡಿದರೆ, ನಂಬಿ ಬಿಡಿ, ಆ ಕೆಂಪು ಕುರ್ಚಿ ಗೂಡ್ಸ್ ಆಟೋದಲ್ಲಿ ಅಲ್ಲಿಗೂ ಬಂದಿತ್ತು. ಮೆಟ್ಟಿಲ ಮೇಲೆ ಹಾಕಿ "ಬಿಸ್ಲು, ನೆಳ್ಳಾಗ್ ಕೂತ್ಕಳಿ" ಎಂದರು. ಇಷ್ಟು ಉಪಚಾರ ಮಾಡಿ ಒಬ್ಬರನ್ನು ಹೊರಗಿಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ಈ ಕುರ್ಚಿ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಒಂದೇ ಒಂದು ಮಾತಾಡಿದರು. "ನನಗೆ ಸೂತಕ ಇದೆಯೋ ಇಲ್ಲವೋ, ನಿಮ್ಮಪ್ಪನ್ನ ಕೇಳು."

ನಮ್ಮಪ್ಪನಿಗೆ ಈ ವಿಷಯದಲ್ಲಿ ಫೋನು ಬರದ ದಿನವಿಲ್ಲ. ಸೋದರಮಾವನ ಮಗ ಹೋದ, ನಮಗೆಷ್ಟು ದಿನ? ಅತ್ತಿಗೆಯ ತಾಯಿ ಹೋದರು, ಹಬ್ಬ ಮಾಡಬಹುದೇ? ಬಸ್ ಕಂಡಕ್ಟರ್ ಟಿಕೆಟ್ ಹರಿದ ಹಾಗೆ ಹರಿದು ಕೊಡುತ್ತಾರೆ. ಅತ್ತೆಯದನ್ನು ಕೇಳಿದಾಗಲೂ ಕಣ್ಣು ಪಂಚಾಂಗದಿಂದ ಏಳಲಿಲ್ಲ.

"ಸ್ನೇಹಿತರು ಹೋದರೆ ಸ್ನಾನ. ಉಟ್ಟ ಬಟ್ಟೇಲೇ ಒಂದು ಸ್ನಾನ. ಮುಗೀತು."

ಮೂವತ್ತು ವರ್ಷಕ್ಕೆ ಒಂದು ಬಕೆಟ್ ನೀರು. ಅದೂ ಸ್ವಂತ ಖರ್ಚಿನಲ್ಲಿ.

"ಅದಕ್ಕೇ ಹೇಳ್ತಿರೋದು, ಅಕ್ಕ ಶುಕ್ರವಾರ ಧಾರಾಳವಾಗಿ ಬರಬಹುದು" ಎಂದರು ಅಪ್ಪ. ಶುಕ್ರವಾರ ಅಪ್ಪನ ಷಷ್ಟಿಪೂರ್ತಿ. ಅರವತ್ತು ತುಂಬಿದ ಗಂಡಸು ತನ್ನ ಹೆಂಡತಿಗೇ ಇನ್ನೊಮ್ಮೆ ತಾಳಿ ಕಟ್ಟುವ ಸಮಾರಂಭ. ಅಕ್ಕ ಬಂದು ಆರತಿ ಎತ್ತಬೇಕು. ಅದೇ ಹೆಂಡತಿಯನ್ನು ಎರಡನೇ ಸಲ ಮದುವೆಯಾಗುವುದಕ್ಕೆ ಬೀದಿ ತುಂಬ ಶಾಮಿಯಾನ, ಇನ್ನೂರು ಎಲೆ. ಮಹಡಿ ಮನೆಯ ಇಬ್ಬರಿಗೆ ಒಂದು ಸಲಕ್ಕೂ ಒಂದು ತೆಂಗಿನಕಾಯಿ ಒಡೆದವರಿಲ್ಲ.

ನಾನು ಎದ್ದು ನಿಂತೆ. ಕೂತು ವಾದ ಮಾಡಲು ನನಗೆ ಬರುವುದಿಲ್ಲ.

"ಅಪ್ಪ, ಅತ್ತೆಗೆ ಪೂರ್ತಿ ಸೂತಕ ಇದೆ."

"ಸೂತಕ ಅನ್ನೋದೇ ಸುಳ್ಳು ಅಂತ ಈ ಮನೇಲಿ ಹತ್ತು ವರ್ಷದಿಂದ ಭಾಷಣ ಮಾಡ್ತಿರೋಳು ನೀನು. ಇಲ್ಲ ಅಂದ್ರೆ ನಿಂಗ್ಯಾಕೆ ಕೋಪ?"

ಒಳ್ಳೆಯ ಏಟು. ಈ ಮನುಷ್ಯರಿಂದಲೇ ನನಗೆ ವಾದ ಬಂದದ್ದು. "ಸುಳ್ಳಾದ್ರೆ ಎಲ್ಲರಿಗೂ ಸುಳ್ಳಾಗಲಿ. ಎಲ್ಲರಿಗೂ ನಿಜ, ಅತ್ತೆಗೊಬ್ಬರಿಗೇ ಸುಳ್ಳು ಅನ್ನೋದು ಯಾವ ಶಾಸ್ತ್ರ?"

"ರಕ್ತ ಒಂದಲ್ಲ. ಗೋತ್ರ ಒಂದಲ್ಲ. ಜಾತಿಯೂ ಒಂದಲ್ಲ."

"ಅನ್ನದ ಪಾತ್ರೆ ಒಂದು."

"ಪಾತ್ರೆಗೆ ಗೋತ್ರ ಇಲ್ಲ ಮಗಳೇ."

"ಕೊರೊನಾದಲ್ಲಿ ನಿಮಗೆ ಜ್ವರ ಬಂದು, ನಾವು ಯಾರೂ ಆ ರೂಮಿನ ಬಾಗಿಲು ದಾಟದೆ ನಿಂತಾಗ, ಒಳಗೆ ಹೋಗಿ ನಿಮ್ಮ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಬಾಯಿಗೆ ಗಂಜಿ ಬಿಟ್ಟರಲ್ಲ ಸಿಸ್ಟರ್, ಅದು ಯಾವ ಗೋತ್ರದ ಕೈ? ಅವತ್ತು ಮುಟ್ಟಿಸಿಕೊಂಡ್ರಲ್ಲ?"

ಆ ಜ್ವರಕ್ಕೆ ಮುಂಚೆ ನಮ್ಮ ಮನೆಯಲ್ಲಿ ಸಿಸ್ಟರಿಗೆ ಒಂದು ಬೇರೆ ಲೋಟ ಇತ್ತು. ಬಂದಾಗ ಅದರಲ್ಲಿ ಕಾಫಿ. ಕುಡಿದು ಅವರೇ ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿ ಹೋಗುವರು. ಅಪ್ಪ ಹಾಸಿಗೆಯಿಂದ ಎದ್ದ ಮೇಲೆ ಆ ಲೋಟ ಕಾಣಲಿಲ್ಲ. ಅಮ್ಮನನ್ನು ಕೇಳಿದರೆ ಹಳೇ ಪಾತ್ರೆಯವನಿಗೆ ಹಾಕಿದೆ ಎಂದರು, ಅಷ್ಟೇ. ನಮ್ಮ ಮನೆಯಲ್ಲಿ ಕ್ರಾಂತಿಗಳು ಹೀಗೆ ಹಳೇ ಪಾತ್ರೆಯ ಲೆಕ್ಕದಲ್ಲಿ ನಡೆಯುತ್ತವೆ.

ಅಪ್ಪ ಪಂಚಾಂಗ ಮುಚ್ಚಿ, ಸಂಧ್ಯಾವಂದನೆಗೆ ಹೊತ್ತಾಯಿತೆಂದು ಎದ್ದು ಹೋದರು. ಎದುರಾಳಿ ಮೈಕು ಬಿಟ್ಟು ಹೋದರೆ ನಿಯಮದ ಪ್ರಕಾರ ಗೆದ್ದವಳು ನಾನು. ಆದರೆ ತೀರ್ಪು ಕೊಡಬೇಕಾದವರೂ ಅವರೇ ಆಗಿದ್ದರಲ್ಲ?

ತೀರ್ಪಿಗೆ ಅತ್ತೆ ಕಾಯಲಿಲ್ಲ. ತಮಗೆ ಸೂತಕವಿದೆ ಎಂದು ತಾವೇ ಘೋಷಿಸಿಕೊಂಡರು. ತಲೆಗೆ ಎಣ್ಣೆಯಿಲ್ಲ, ಹಣೆಗೆ ಕುಂಕುಮವಿಲ್ಲ, ದೇವರ ಮನೆಗೆ ಬೀಗ. ಚಾಪೆಯ ಮೇಲೆ ಮಲಗಿದರು, ಸೊಳ್ಳೆಪರದೆ ಮಡಿಸಿಟ್ಟರು. ಸೂತಕದವರನ್ನು ಜನ ಮುಟ್ಟಬಾರದಲ್ಲ, ಮುಟ್ಟಲು ಬಂದವರಿಗೆ ವಿಷಲ್.

ಸೊಪ್ಪಿನವಳು ಮೆಟ್ಟಿಲು ಹತ್ತಿ ಬಂದಳು. ವಿಷಲ್ ಬಿತ್ತು. "ದೂರ, ದೂರ. ಸೊಪ್ಪು ಅಲ್ಲೇ ಇಡು. ಸೂತಕ."

ಸೊಪ್ಪಿನವಳು ಬುಟ್ಟಿ ಇಳಿಸಿ ಸುತ್ತಮುತ್ತ ನೋಡಿದಳು. "ಯಾರ್ಗ್ ಸೂತ್ಕ ಟೀಚರಮ್ಮ? ನಿಮ್ ಕಡೆ ಯಾರೂ ಓಗಿಲ್ವಲ್ಲ?"

ಅತ್ತೆಯ ಬಾಯಿಂದ ವಿಷಲ್ ಜಾರಿತು.

ಮನೆ ಓನರಮ್ಮ ಬಂದು ಪ್ರೀತಿಯಿಂದ ಭುಜ ಹಿಡಿದುಕೊಂಡರು. ವಿಷಲ್. ಹಳೆಯ ಶಿಷ್ಯೆಯೊಬ್ಬಳು ಬಂದು ಕಾಲಿಗೆ ಬಿದ್ದಳು. ವಿಷಲ್. "ಕೊರೊನಾದಲ್ಲೂ ನೀವು ಇಷ್ಟು ದೂರ ನಿಲ್ಲಿಸಿರಲಿಲ್ಲ ಮಿಸ್" ಎಂದು ಅವಳು ನಗುತ್ತಾ ಹೋದಳು. ಯಾರೂ ನಂಬಲಿಲ್ಲ. ಬಂದವರೆಲ್ಲ ಮುಟ್ಟಿದರು, ತಟ್ಟಿದರು, ಸವರಿದರು. ಅಯ್ಯೋ, ನಿಮಗೇನು ಸೂತಕ, ಸುಮ್ಮನಿರಿ ಎಂದರು. ಅವರ ಒಂದೊಂದು ಕೈಯೂ ಹೇಳಿದ್ದು ಒಂದೇ: ಸತ್ತವರು ನಿನಗೆ ಏನೂ ಆಗಬೇಕಿಲ್ಲ. ಗಂಡ ಸತ್ತರೆ ಹೆಂಡತಿಯ ಹತ್ತಿರ ಬರಲು ಹೆದರುವ ಈ ಜನ, ಯಾವತ್ತೂ ಮುಖ ನೋಡಿರದ ದಾಯಾದಿ ಸತ್ತರೂ ಹಬ್ಬ ನಿಲ್ಲಿಸುವ ಈ ಜನ, ನಮ್ಮತ್ತೆಯನ್ನು ಮಾತ್ರ ಹಾಯಾಗಿ ಮುಟ್ಟಿದರು. ನನಗೆ ಮೆಟ್ಟಿಲ ಮೇಲೆ ಅಡ್ಡ ನಿಂತು ಒಬ್ಬೊಬ್ಬರನ್ನೂ ತಳ್ಳಬೇಕು ಎನ್ನಿಸುತ್ತಿತ್ತು. ಮೈಲಿಗೆಯನ್ನು ಒಪ್ಪದ ನಾನು ಮೈಲಿಗೆಗಾಗಿ ಹಲ್ಲು ಕಡಿದೆ.

ಗುರುವಾರ ಬೆಳಗ್ಗೆ ಶಾಮಿಯಾನದ ಕಂಬ ನೆಡುತ್ತಿದ್ದರು. ಅಪ್ಪ ಜನಿವಾರ ಸರಿಮಾಡಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು. "ಅಕ್ಕ ಊಟ ಏನು ಮಾಡ್ತಿದಾಳೆ?"

"ಒಂದು ಹೊತ್ತು. ಅನ್ನ, ಮಜ್ಜಿಗೆ."

"ಉಪ್ಪು?"

"ಬಿಟ್ಟಿದಾರೆ."

ಅಪ್ಪ ಕಂಬ ಸೊಟ್ಟಗಿದೆ ಎಂದು ಕೆಲಸದವರನ್ನು ಬೈದರು. ಕಂಬ ನೆಟ್ಟಗೇ ಇತ್ತು.

ಶುಕ್ರವಾರ ಅತ್ತೆ ಬಂದರು. ತಮ್ಮನಿಗೆ ಅರವತ್ತು ತುಂಬುವುದನ್ನು ನೋಡದೆ ಇರಲಾರರು, ಸೂತಕದಲ್ಲಿ ಒಳಗೆ ಬರಲಾರರು. ಶಾಮಿಯಾನದ ಆಚೆ, ಎದುರು ಮನೆಯ ಜಗಲಿಯ ಮೇಲೆ, ಎಣ್ಣೆ ಕಾಣದ ತಲೆ, ಬರಿ ಹಣೆ, ಕೊರಳಲ್ಲಿ ವಿಷಲ್. ಬೀದಿಯೆಲ್ಲ ರೇಷ್ಮೆ ಸೀರೆ ಓಡಾಡುತ್ತಿತ್ತು. ಬಂದವರು ಅತ್ತೆಯ ಕಡೆ ನೋಡಿ, ತಮ್ಮತಮ್ಮಲ್ಲೇ ಒಂದು ಮಾತಾಡಿ, ಹುಬ್ಬು ಏರಿಸಿದರು. ಯಾವ ಮಾತು ಎಂದು ನಿಮಗೆ ಗೊತ್ತು.

ಆರತಿಯ ಹೊತ್ತಾಯಿತು. ಅಪ್ಪ, ಅಮ್ಮ ಹಾರ ಹಾಕಿಕೊಂಡು ಹಸೆಯ ಮೇಲೆ ಕೂತಿದ್ದರು. ಅಕ್ಕ ಎಲ್ಲಿ, ಅಕ್ಕ ಎಲ್ಲಿ ಎಂದು ಗದ್ದಲವೆದ್ದಿತು. ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ನೇರಳೆ ಬಣ್ಣದ ರೇಷ್ಮೆ ಸರಬರ ಅನ್ನಿಸುತ್ತಾ ಬೀದಿ ದಾಟಿದರು. ನಾನು ಹಿಂದೆ ಓಡಿದೆ.

"ಏಳೇ, ಶುಭದ ದಿನ ಇದೇನು ನಿನ್ನ ನಾಟಕ? ಬಾ ಒಳಗೆ."

"ಅತ್ತಿಗೆ, ಮುಟ್ಟಬೇಡಿ. ಸೂತಕ."

"ಎಂಥ ಸೂತಕ? ಯಾರೋ ಎತ್ತಲೋ ನರಸೀಪುರದೋಳು ಸತ್ತರೆ ನಿಂಗೆ ಸೂತಕಾನಾ? ನಿನ್ನ ಜೊತೆ ಬಾಡಿಗೆಗಿದ್ದೋಳು."

ದೊಡ್ಡಮ್ಮ ಅತ್ತೆಯ ಮುಂಗೈ ಹಿಡಿದು ಎಳೆದರು. ಅತ್ತೆ ವಿಷಲ್ ಬಾಯಿಗಿಟ್ಟರು. ಗಾಳಿ ಬಂತು, ಶಬ್ದ ಬರಲಿಲ್ಲ. ಎಂಬತ್ತು ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದವರ ಉಸಿರು ಒಬ್ಬ ದೊಡ್ಡಮ್ಮನಿಗೆ ಸಾಲಲಿಲ್ಲ. ನಾನು ಬಾಯಿ ತೆರೆದೆ. ನನ್ನ ಹತ್ತಿರ ವಾದಗಳಿದ್ದವು, ಅಂಶವಾರು, ಮೊದಲನೆಯದು, ಎರಡನೆಯದು. ಒಂದೂ ಆ ಮುಂಗೈ ಬಿಡಿಸುವಂಥದ್ದಲ್ಲ.

ಓಲಗ ನಿಂತಿತು. ಅಪ್ಪ ಹಸೆಯಿಂದ ಎದ್ದು ಬರುತ್ತಿದ್ದರು. ಮಡಿಪಂಚೆ, ಕೊರಳಲ್ಲಿ ಹಾರ, ಹಿಂದೆ ಇಡೀ ಶಾಮಿಯಾನ. ಬೀದಿಯ ನಡುವೆ, ಜಗಲಿಗೆ ಆರು ಮೊಳ ಇರುವಾಗ, ಅಲ್ಲಿ ಯಾರೋ ಸುಣ್ಣದಲ್ಲಿ ಗೆರೆ ಎಳೆದಿದ್ದಾರೆ ಎಂಬಂತೆ ಗಕ್ಕನೆ ನಿಂತರು. ಅತ್ತೆ ಸೋತವರ ಹಾಗೆ ಅವರ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಅಲ್ಲೇ ಇರು ಅಕ್ಕ" ಎಂದರು ಅಪ್ಪ. ಮಂತ್ರ ಹೇಳುವ ಗಂಟಲು, ಬೀದಿಯ ಕೊನೆಯವರೆಗೂ ಕೇಳಿಸಿತು. "ಹತ್ತಿರ ಬರಬೇಡ. ನಿನಗೆ ಸೂತಕ."

ಆಮೇಲೆ ದೊಡ್ಡಮ್ಮನ ಕಡೆ ತಿರುಗಿದರು. "ಅತ್ತಿಗೆ, ನೀವು ಮುಟ್ಟಿಬಿಟ್ರಲ್ಲ. ಸ್ನಾನ ಮಾಡದೆ ಒಳಗೆ ಬರೋ ಹಾಗಿಲ್ಲ."

"ನಾನಾ? ಈ ಸೀರೇಲಾ?"

"ಉಟ್ಟ ಬಟ್ಟೇಲೇ."

"ಯಾವ ಗ್ರಂಥದಲ್ಲಿದೆ ಇದು?"

"ನಾನು ಹೇಳ್ತಿದೀನಲ್ಲ" ಎಂದರು ಅಪ್ಪ. ಬಾಯಿ ತೆರೆದರೆ ಆಧಾರ, ಅಧ್ಯಾಯ, ಶ್ಲೋಕ ಹೇಳುವ ಮನುಷ್ಯರು. ಆಧಾರವಿಲ್ಲದ, ಉಲ್ಲೇಖವಿಲ್ಲದ ವಾದ. ಯಾವ ಸ್ಪರ್ಧೆಯಲ್ಲೂ ಇದಕ್ಕೆ ಸೊನ್ನೆ. ಇಷ್ಟು ವರ್ಷ ಆ ಮನೆಯಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ಅದೊಂದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

"ಆರತಿ?" ಎಂದರು ಅತ್ತೆ.

"ನಿನ್ನ ಸೂತಕ ಕಳೀಲಿ. ಆಮೇಲೆ ಬಂದು ಎತ್ತು. ಅಲ್ಲೀವರೆಗೂ ನನಗೆ ಆರತಿ ಬೇಡ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಜಗಲಿಯ ಮೇಲೆ ಕೂತರು. ಆಸ್ಪತ್ರೆಯಲ್ಲಿ ಅಳದವರು, ಸಂಗಮದಲ್ಲಿ ಅಳದವರು, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಿ ಅತ್ತರು. ಸಮಾಧಾನ ಮಾಡಲು ಯಾರೂ ಹತ್ತಿರ ಹೋಗಲಿಲ್ಲ. ಅಮ್ಮ ಬಂದು ದೂರದಿಂದಲೇ ಎಲೆ ಜಾರಿಸಿದರು. ಉಪ್ಪಿಲ್ಲದ ಅನ್ನ ಎತ್ತರದಿಂದ ಬಡಿಸಿದರು. ದೊಡ್ಡಮ್ಮ ಹಿತ್ತಲಿನಲ್ಲಿ ನೇರಳೆ ರೇಷ್ಮೆಯ ಸಮೇತ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ ಶಬ್ದ ಬೀದಿಗೂ ಕೇಳಿಸುತ್ತಿತ್ತು. ನಾನು, ದೇವರನ್ನೂ ಮಡಿಯನ್ನೂ ನಂಬದ ನಾನು, ಕಾಫಿ ತಂದು ನೆಲದ ಮೇಲಿಟ್ಟು, ಬೆರಳ ತುದಿಯಿಂದ ಲೋಟವನ್ನು ಅವರ ಕಡೆಗೆ ತಳ್ಳಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಆ ದಿನ ಮತ್ತೆ ಯಾರೂ ನಮ್ಮತ್ತೆಯನ್ನು ಮುಟ್ಟಲಿಲ್ಲ.